ಎಂಜಿನಿಯರಿಂಗ್ ಜೊತೆಗೆ ಕ್ಲೈಮೇಟ್ ಸೈನ್ಸ್ ಮೈನರ್: ಯಾವ ಪೇಪರ್ ಮೊದಲು, ಯಾವುದು ಬೇಡ?

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಬಿ.ಇ. ಸಿವಿಲ್ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ನಿಂದ 18 ಕ್ರೆಡಿಟ್‌ಗಳ ಕ್ಲೈಮೇಟ್ ಸೈನ್ಸ್ ಮೈನರ್ (ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ) ತೆಗೆದುಕೊಳ್ಳಬಹುದು ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ದೊಡ್ಡ ಪಟ್ಟಿ ಕೊಟ್ಟು ಆರು ಪೇಪರ್ ಆರಿಸಿಕೊಳ್ಳಿ ಎನ್ನುತ್ತಾರೆ. ಯಾವುದನ್ನು ಆರಿಸಲಿ? ಗಣಿತ ಎಷ್ಟು ಬೇಕು? ಪ್ರಾಜೆಕ್ಟ್ ಏನು ಮಾಡಬಹುದು? ನನ್ನ ತಂಗಿ ಧಾರವಾಡದಲ್ಲಿ ಬಿ.ಎ. ಅರ್ಥಶಾಸ್ತ್ರ ಓದುತ್ತಿದ್ದಾಳೆ, ಅವಳಿಗೂ ಆಸಕ್ತಿ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದದವಳಿಗೆ ಇದು ಆಗುತ್ತದೆಯೇ? ಕೊನೆಗೆ ಕೆಲಸ ಸಿಗಲು ಇದರಿಂದ ಪ್ರಯೋಜನ ಉಂಟೇ?

ಉತ್ತರ: ಮೊದಲು ಲೆಕ್ಕ. ಒಂದು ಕ್ರೆಡಿಟ್ ಎಂದರೆ 15 ಗಂಟೆ ಪಾಠ, ಇಲ್ಲವೇ 30 ಗಂಟೆ ಲ್ಯಾಬ್. 18 ಕ್ರೆಡಿಟ್ ಪೂರ್ತಿ ಪಾಠವೇ ಆದರೂ ಕೈಗೆ ಸಿಗುವುದು 270 ಗಂಟೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮದಂತೆ ಮೈನರ್‌ನ 18ರಿಂದ 20 ಕ್ರೆಡಿಟ್ ನಿಮ್ಮ ಬಿ.ಇ. ಕ್ರೆಡಿಟ್‌ಗಳ ಮೇಲೆ ಹೆಚ್ಚುವರಿಯಾಗಿ ಬರುತ್ತವೆ. ಯಾವ ಸಿವಿಲ್ ಪೇಪರ್ ಕೂಡ ಕಡಿಮೆಯಾಗುವುದಿಲ್ಲ. ನಾಲ್ಕನೇ ಸೆಮಿಸ್ಟರ್‌ಗೆ ಒಂದು, ಐದಕ್ಕೆ ಒಂದು, ಆರಕ್ಕೆ ಎರಡು, ಏಳಕ್ಕೆ ಒಂದು ಪೇಪರ್ ಮತ್ತು ಪ್ರಾಜೆಕ್ಟ್ ಎಂದು ಹಂಚಿಕೊಂಡರೆ ಉಸಿರಾಡಬಹುದು. ಎಂಟನೆಯದನ್ನು ಖಾಲಿ ಬಿಡಿ. ಇಂಟರ್ನ್‌ಶಿಪ್, ಪ್ಲೇಸ್‌ಮೆಂಟ್, ಮೇಜರ್ ಪ್ರಾಜೆಕ್ಟ್ ಮೂರೂ ಅಲ್ಲೇ ಬಂದು ಕೂರುತ್ತವೆ. ಮೈನರ್ ಅರ್ಧಕ್ಕೆ ನಿಲ್ಲುವುದು ಬಹುತೇಕ ಆ ಸೆಮಿಸ್ಟರ್‌ನಲ್ಲೇ.

ಆಯ್ಕೆಯ ವಿಷಯಕ್ಕೆ ಬಂದರೆ, ಇಂಥ ಪಟ್ಟಿಗಳಲ್ಲಿ ಪರಿಸರ ಅಧ್ಯಯನ, ಸುಸ್ಥಿರ ಅಭಿವೃದ್ಧಿ, ವಿಪತ್ತು ನಿರ್ವಹಣೆ, ಹಸಿರು ಇಂಧನ, ಕಾರ್ಪೊರೇಟ್ ಜವಾಬ್ದಾರಿ ಮುಂತಾದ ಹೆಸರುಗಳು ಸಾಲಾಗಿ ಇರುತ್ತವೆ. ಎಲ್ಲವೂ ಸುಲಭ, ಎಲ್ಲದರಲ್ಲೂ ಅಂಕ ಬರುತ್ತದೆ, ಎಲ್ಲದರ ಮೊದಲ ಅಧ್ಯಾಯವೂ ಒಂದೇ. ಇಂಥ ಆರನ್ನು ಆರಿಸಿಕೊಂಡರೆ ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಎಲ್ಲ ಬಡಿಸಿ ಅನ್ನವನ್ನೇ ಮರೆತ ಎಲೆಯಂತಾಗುತ್ತದೆ. ನನ್ನ ಸಲಹೆ ಹೀಗೆ: ಭೌತಿಕ ವಿಜ್ಞಾನದ ಎರಡು ಪೇಪರ್, ದತ್ತಾಂಶ ವಿಶ್ಲೇಷಣೆಯ ಒಂದು, ನಿಮ್ಮ ಸಿವಿಲ್‌ಗೆ ನೇರವಾಗಿ ತಾಗುವ ಒಂದು, ಅರ್ಥಶಾಸ್ತ್ರ ಅಥವಾ ನೀತಿಯದ್ದು ಒಂದು, ಉಳಿದದ್ದು ಪ್ರಾಜೆಕ್ಟ್. ಪೇಪರ್‌ನ ಹೆಸರು ನೋಡಬೇಡಿ, ಸಿಲೆಬಸ್ ತರಿಸಿ ಓದಿ. ಮೊದಲ ಘಟಕದಲ್ಲಿ ಭೂಮಿಯ ಶಕ್ತಿ ಸಮತೋಲನದ ಲೆಕ್ಕ ಇದೆಯೇ? ಎಲ್ಲಾದರೂ ನಿಜವಾದ ಮಳೆ ಅಥವಾ ಉಷ್ಣತೆಯ ದತ್ತಾಂಶ ಕೊಟ್ಟು ಏನಾದರೂ ಮಾಡಿಸುತ್ತಾರೆಯೇ? ಎರಡೂ ಇಲ್ಲದಿದ್ದರೆ ಅದು ಜಾಗೃತಿ ಕಾರ್ಯಕ್ರಮ. ಅದಕ್ಕೆ ಮೂರು ಕ್ರೆಡಿಟ್ ಖರ್ಚು ಮಾಡಬೇಕಿಲ್ಲ.

ಮೊದಲ ಭೌತಿಕ ಪೇಪರ್ ಕಲಿತಿದ್ದೀರಾ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಸೂರ್ಯನಿಂದ ವಾತಾವರಣದ ಮೇಲ್ತುದಿಗೆ ಬೀಳುವ ಶಕ್ತಿ ಚದರ ಮೀಟರಿಗೆ 1,361 ವ್ಯಾಟ್. ಭೂಮಿ ಬಿಸಿಲನ್ನು ತಡೆಯುವುದು ಒಂದು ವೃತ್ತದಷ್ಟು, ಆದರೆ ಅದರ ಮೇಲ್ಮೈ ಆ ವೃತ್ತದ ನಾಲ್ಕು ಪಟ್ಟು. ಹಾಗಾಗಿ ಸರಾಸರಿ 340 ವ್ಯಾಟ್. ಅದರಲ್ಲಿ ಶೇ 30ರಷ್ಟನ್ನು ಮೋಡ, ಹಿಮ, ಮರಳುಗಾಡು ಮುಂತಾದವು ವಾಪಸ್ ಕಳಿಸುತ್ತವೆ. ಉಳಿಯುವುದು 238. ಇಷ್ಟನ್ನೇ ಹೊರಸೂಸುವ ಕಾಯದ ಉಷ್ಣತೆಯನ್ನು ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದಿಂದ ತೆಗೆದರೆ 255 ಕೆಲ್ವಿನ್, ಅಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ನಿಜವಾಗಿ ನೆಲದ ಸರಾಸರಿ ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿಯೇ ಹಸಿರುಮನೆ ಪರಿಣಾಮ. ಇಷ್ಟನ್ನು ಪುಸ್ತಕ ನೋಡಿ ಬರೆಯುವುದು ದೊಡ್ಡದಲ್ಲ. ಪ್ರತಿಫಲನ ಶೇ 30ರಿಂದ 29ಕ್ಕೆ ಇಳಿದರೆ ಏನಾಗುತ್ತದೆ ಎಂದು ಪುಸ್ತಕ ಮುಚ್ಚಿ ಲೆಕ್ಕ ಹಾಕಿ. 255ರ ಆ ಉಷ್ಣತೆ ಸುಮಾರು 0.9 ಡಿಗ್ರಿ ಏರಬೇಕು. ಮೋಡಗಳಲ್ಲಿ ಆಗುವ ಸಣ್ಣ ಬದಲಾವಣೆಗೆ ವಿಜ್ಞಾನಿಗಳು ಯಾಕಿಷ್ಟು ತಲೆಕೆಡಿಸಿಕೊಳ್ಳುತ್ತಾರೆ ಎಂಬುದು ಆಗ ತಾನೇ ಅರ್ಥವಾಗುತ್ತದೆ.

ಮುಂದಿನ ಮೆಟ್ಟಿಲು ಇಂಗಾಲದ ಡೈಆಕ್ಸೈಡ್. ಅದರ ಪರಿಣಾಮ ನೇರ ಗೆರೆಯಲ್ಲಿ ಏರುವುದಿಲ್ಲ, ಲಾಗರಿದಮ್ ಪ್ರಕಾರ ಏರುತ್ತದೆ. ಈಗಿನ ಪ್ರಮಾಣವನ್ನು ಕೈಗಾರಿಕಾ ಪೂರ್ವದ 280 ಪಿಪಿಎಂನಿಂದ (ಹತ್ತು ಲಕ್ಷ ಭಾಗದಲ್ಲಿ 280 ಭಾಗ) ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್ ತೆಗೆದು 5.35ರಿಂದ ಗುಣಿಸಿದರೆ ಹೆಚ್ಚುವರಿ ಶಾಖದ ಒತ್ತಡ ಸಿಗುತ್ತದೆ. 425 ಪಿಪಿಎಂ ಎಂದು ಹಿಡಿದರೆ ಚದರ ಮೀಟರಿಗೆ 2.2 ವ್ಯಾಟ್. ಪ್ರಮಾಣ ದುಪ್ಪಟ್ಟಾದರೆ 3.7. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2021ರ ವರದಿಯಲ್ಲಿ ಇದು 3.9 ಎಂದಿದೆ, ಏಕೆಂದರೆ ಅಲ್ಲಿ ವಾತಾವರಣದ ತಕ್ಷಣದ ಹೊಂದಾಣಿಕೆಗಳನ್ನೂ ಸೇರಿಸಿದ್ದಾರೆ. ಹಳೆಯ ಪುಸ್ತಕ, ಹೊಸ ವರದಿ ಎರಡನ್ನೂ ಒಟ್ಟಿಗೆ ಓದುವವರು ಇಲ್ಲಿ ಎಡವುತ್ತಾರೆ. ಬೇರೇನೂ ಬದಲಾಗದಿದ್ದರೆ ಈ ದುಪ್ಪಟ್ಟಿಗೆ ಉಷ್ಣತೆ ಏರುವುದು 1.2 ಡಿಗ್ರಿ ಮಾತ್ರ. ಆದರೆ ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಆ ತೇವವೂ ಹಸಿರುಮನೆ ಅನಿಲವೇ. ಹಿಮ ಕರಗುತ್ತದೆ, ಮೋಡ ಬದಲಾಗುತ್ತದೆ. ಎಲ್ಲ ಸೇರಿ ಅಂದಾಜು 3 ಡಿಗ್ರಿ, 2.5ರಿಂದ 4ರ ನಡುವೆ ಇರುವ ಸಂಭವ ಹೆಚ್ಚು. 1.2 ಹೇಗೆ 3 ಆಗುತ್ತದೆ ಎಂದು ಬೋರ್ಡಿನ ಮೇಲೆ ವಿವರಿಸಲು ಬಂದರೆ ಮೊದಲ ಪೇಪರ್ ಕೈಗೆ ಬಂದಂತೆ.

ಈ ಹಂತದಲ್ಲಿ ಉತ್ತರಪತ್ರಿಕೆಗಳಲ್ಲಿ ಮರುಕಳಿಸುವ ಎರಡು ತಪ್ಪುಗಳನ್ನು ಹೇಳಿಬಿಡುತ್ತೇನೆ. ಒಂದು, ಓಜೋನ್ ರಂಧ್ರದಿಂದ ಭೂಮಿ ಬಿಸಿಯಾಗುತ್ತಿದೆ ಎಂದು ಬರೆಯುವುದು. ಅವೆರಡೂ ಬೇರೆ ಬೇರೆ ಸಮಸ್ಯೆಗಳು. ಇನ್ನೊಂದು, ಇಂಗಾಲದ ಟನ್ನನ್ನೂ ಇಂಗಾಲದ ಡೈಆಕ್ಸೈಡ್‌ನ ಟನ್ನನ್ನೂ ಒಂದೇ ಎಂದುಕೊಳ್ಳುವುದು. ಒಂದು ಟನ್ ಇಂಗಾಲ ಸುಟ್ಟರೆ 3.67 ಟನ್ ಡೈಆಕ್ಸೈಡ್ (44ನ್ನು 12ರಿಂದ ಭಾಗಿಸಿ). ಇಂಗಾಲ ಚಕ್ರದ ಅಧ್ಯಾಯ ಮೊದಲನೆಯದರಲ್ಲಿ ಬರೆದಿರುತ್ತದೆ, ನೀತಿಯ ಅಧ್ಯಾಯ ಎರಡನೆಯದರಲ್ಲಿ. ಹಾಗಾಗಿ ಈ ತಪ್ಪು ನಾಲ್ಕು ಪಟ್ಟಿನಷ್ಟು ದೊಡ್ಡದಾಗಿಯೂ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ.

ಗಣಿತದ ಬಗ್ಗೆ ಕೇಳಿದ್ದೀರಿ. ಎಂಜಿನಿಯರಿಂಗ್‌ನ ಮೊದಲೆರಡು ಸೆಮಿಸ್ಟರ್‌ಗಳ ಗಣಿತ ಸಾಕು. ಲಾಗರಿದಮ್, ಘಾತ, ಮೊದಲ ದರ್ಜೆಯ ಅವಕಲ ಸಮೀಕರಣ ಸಲೀಸಾಗಿ ಬರಬೇಕು. ಒಂದು ಪೆಟ್ಟಿಗೆಗೆ ಶಾಖ ಕೊಟ್ಟರೆ ಅದು ಎಷ್ಟು ನಿಧಾನವಾಗಿ ಬಿಸಿಯಾಗುತ್ತದೆ ಎಂಬ ಸಮೀಕರಣವೇ ಸಾಗರ ಸೇರಿದ ಸರಳ ಹವಾಗುಣ ಮಾದರಿ. ಕೊರತೆ ಕಾಣುವುದು ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಸಿವಿಲ್‌ನವರು ಅದನ್ನು ಒಂದು ಸೆಮಿಸ್ಟರ್‌ನಲ್ಲಿ ಓದಿ ಮರೆತಿರುತ್ತಾರೆ. ನಾಲ್ಕನೇ ಸೆಮಿಸ್ಟರ್ ಶುರುವಾಗುವ ಮುನ್ನ ರಜೆಯಲ್ಲಿ ರಿಗ್ರೆಷನ್ (ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಅಂದಾಜು), ವಿಶ್ವಾಸಾರ್ಹತಾ ಅಂತರ, ವಿತರಣೆಗಳು ಇಷ್ಟನ್ನು ತಿರುವಿಹಾಕಿ.

ಎರಡನೇ ಭೌತಿಕ ಪೇಪರ್ ವಾತಾವರಣ ಮತ್ತು ಸಾಗರದ ಚಲನೆಯದ್ದಾಗಲಿ, ಅದರಲ್ಲಿ ಮುಂಗಾರು ಇರಲೇಬೇಕು. ಯುರೋಪಿನ ಪಠ್ಯ ಹಿಡಿದು ಕಲಿಸಿದರೆ ಮಧ್ಯ ಅಕ್ಷಾಂಶದ ಬಿರುಗಾಳಿಗಳೇ ಅರ್ಧ ಪುಸ್ತಕ ತಿನ್ನುತ್ತವೆ, ನಮ್ಮ ಮಳೆಗೆ ನಾಲ್ಕು ಪುಟ. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವ ಸ್ಥಿತಿ) ಬಂದರೆ ನಮಗೆ ಬರ ಎಂಬ ಸೂತ್ರವನ್ನು ಎಲ್ಲರೂ ಕಲಿತಿರುತ್ತಾರೆ. 2023ರಲ್ಲಿ ಹಾಗೇ ಆಯಿತು: ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 94, ಕರ್ನಾಟಕದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಆದರೆ 1997ರ ಎಲ್ ನಿನೋ ಇಪ್ಪತ್ತನೇ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲಿ ಒಂದಾಗಿಯೂ ಆ ವರ್ಷದ ಮುಂಗಾರು ಸಾಮಾನ್ಯ ಮಟ್ಟದಲ್ಲೇ ಇತ್ತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿ, ಪೂರ್ವ ಭಾಗ ತಂಪು ಆಗುವ ದ್ವಿಧ್ರುವ ಸ್ಥಿತಿ ಆ ವರ್ಷ ಎಲ್ ನಿನೋವಿನ ಪ್ರಭಾವವನ್ನು ತಗ್ಗಿಸಿತು ಎಂಬುದು ಒಪ್ಪಿತ ವಿವರಣೆ. ಭೂವಿಜ್ಞಾನ ಸಚಿವಾಲಯದ 2020ರ ಮೌಲ್ಯಮಾಪನದ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕುಗ್ಗಿದೆ, ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟಗಳಲ್ಲಿ ಇಳಿಕೆ ಎದ್ದು ಕಾಣುತ್ತದೆ. ಬಿಸಿ ಹೆಚ್ಚಾದರೆ ಮಳೆ ಹೆಚ್ಚಾಗಬೇಕಲ್ಲವೇ, ಹಾಗಾದರೆ ಕುಗ್ಗಿದ್ದು ಹೇಗೆ? ಹೊಗೆ-ದೂಳಿನ ಕಣಗಳು ನೆಲಕ್ಕೆ ತಲುಪುವ ಬಿಸಿಲನ್ನು ತಡೆದದ್ದು, ಹಿಂದೂ ಮಹಾಸಾಗರ ಬಿಸಿಯಾಗಿ ನೆಲ-ಕಡಲಿನ ಉಷ್ಣತೆಯ ವ್ಯತ್ಯಾಸ ಕಡಿಮೆಯಾದದ್ದು, ಇವುಗಳ ಚರ್ಚೆ ತರಗತಿಯಲ್ಲಿ ಆಗಬೇಕು. ಆಗದಿದ್ದರೆ ನೀವೇ ಎತ್ತಿ.

ಈಗ ದತ್ತಾಂಶ. ಸಮಯವಿದ್ದಷ್ಟೂ ಇಲ್ಲೇ ಸುರಿಯಿರಿ ಎನ್ನುತ್ತೇನೆ, ಯಾಕೆಂದರೆ ಉಳಿದ ಪೇಪರ್‌ಗಳನ್ನು ಓದಿ ಕಲಿಯಬಹುದು, ಇದನ್ನು ಕೆಡಿಸಿ ಕಲಿಯಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಅದರಲ್ಲಿ ದತ್ತಾಂಶ ನಿಭಾಯಿಸುವ ಸಲಕರಣೆಗಳಾದ ಪಾಂಡಾಸ್ ಮತ್ತು ಎಕ್ಸ್‌ಅರೇ ಇಷ್ಟು ಸಾಕು. ಭಾರತೀಯ ಹವಾಮಾನ ಇಲಾಖೆ 1901ರಿಂದ ಇಂದಿನವರೆಗಿನ ದೈನಿಕ ಮಳೆಯನ್ನು 0.25 ಡಿಗ್ರಿ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ವರ್ಷಕ್ಕೊಂದು ಫೈಲ್, ಬೈನರಿ ರೂಪದಲ್ಲಿ ಸುಮಾರು 25 ಎಂಬಿ. ಉಷ್ಣತೆ 1951ರಿಂದ ಇದೆ, ಒಂದು ಡಿಗ್ರಿ ಚೌಕ. ಸಾಧಾರಣ ಲ್ಯಾಪ್‌ಟಾಪ್ ಧಾರಾಳವಾಗಿ ನಡೆಯುತ್ತದೆ. ಮೊದಲ ಸಲ ತೆರೆದವರಿಗೆ ಸರಾಸರಿ ಮಳೆ ಋಣ ಸಂಖ್ಯೆಯಲ್ಲಿ ಬಂದರೆ ಗಾಬರಿ ಬೇಡ. ದತ್ತಾಂಶ ಇಲ್ಲದ ಚೌಕಗಳಲ್ಲಿ ಮೈನಸ್ 999 ತುಂಬಿದ್ದಾರೆ, ಸರಾಸರಿ ತೆಗೆಯುವ ಮುನ್ನ ಅದನ್ನು ತೆಗೆದುಹಾಕಬೇಕು.

ಇದಕ್ಕಿಂತ ನಯವಾಗಿ ಮೋಸ ಮಾಡುವುದು ದಿನದ ಲೆಕ್ಕ. ನಮ್ಮ ಮಳೆಮಾಪಕಗಳನ್ನು ಓದುವುದು ಬೆಳಿಗ್ಗೆ 8.30ಕ್ಕೆ. ಆಗಸ್ಟ್ 10 ಎಂದು ಬರೆದ ಮಳೆ ಎಂದರೆ 9ರ ಬೆಳಿಗ್ಗೆ 8.30ರಿಂದ 10ರ ಬೆಳಿಗ್ಗೆ 8.30ರವರೆಗೆ ಸುರಿದದ್ದು, ಅಂದರೆ ಹೆಚ್ಚು ಪಾಲು 9ರ ಮಳೆ. ಯುರೋಪಿನ ಇಆರ್‌ಎ5 ಮರುವಿಶ್ಲೇಷಣೆಯ (ಅಳತೆಗಳನ್ನೂ ಮಾದರಿಯನ್ನೂ ಬೆಸೆದು ಹಿಂದಿನ ಹವಾಮಾನವನ್ನು ಮರುರಚಿಸುವುದು) ದತ್ತಾಂಶ 1940ರಿಂದ ಗಂಟೆ ಗಂಟೆಗೂ ಸಿಗುತ್ತದೆ, ಅದರ ದಿನ ಗ್ರೀನಿಚ್ ಮಧ್ಯರಾತ್ರಿಗೆ, ನಮ್ಮ ಬೆಳಗಿನ 5.30ಕ್ಕೆ, ಶುರು. ಎರಡನ್ನೂ ತಾರೀಕಿಗೆ ತಾರೀಕು ಹೊಂದಿಸಿದರೆ ಸಂಬಂಧವೇ ಇಲ್ಲವೇನೋ ಎನ್ನಿಸುತ್ತದೆ. ಬಹಳಷ್ಟು ವಿದ್ಯಾರ್ಥಿಗಳು ‘ಇಆರ್‌ಎ5 ನಮ್ಮ ಪ್ರದೇಶಕ್ಕೆ ಸರಿಹೊಂದುವುದಿಲ್ಲ’ ಎಂದು ತೀರ್ಪು ಬರೆದು ಮುಗಿಸುತ್ತಾರೆ. ಸರಿಯಾದ ದಾರಿ: ಗ್ರೀನಿಚ್ ಲೆಕ್ಕದಲ್ಲಿ ಹಿಂದಿನ ದಿನದ 04 ಗಂಟೆಯಿಂದ ಆ ದಿನದ 03 ಗಂಟೆಯವರೆಗಿನ 24 ಸಂಖ್ಯೆಗಳನ್ನು ಕೂಡಿಸಿ ಹೋಲಿಸುವುದು. 03ರಿಂದ ಯಾಕೆ ಶುರುಮಾಡಬಾರದು ಎಂದರೆ, ಅಲ್ಲಿ ಪ್ರತಿ ಸಂಖ್ಯೆಯೂ ಆ ಗಂಟೆಗೆ ಮುಗಿದ 60 ನಿಮಿಷದ ಮಳೆ.

ಘಟಕಗಳೂ ಅಷ್ಟೇ. ಇಆರ್‌ಎ5ನಲ್ಲಿ ಮಳೆ ಮೀಟರ್‌ನಲ್ಲಿದೆ, ಉಷ್ಣತೆ ಕೆಲ್ವಿನ್‌ನಲ್ಲಿದೆ. ಅದರ ಮಾಸಿಕ ಫೈಲ್‌ನಲ್ಲಿ ಇರುವುದು ತಿಂಗಳ ಒಟ್ಟು ಅಲ್ಲ, ದಿನದ ಸರಾಸರಿ. ಸಾವಿರದಿಂದ ಗುಣಿಸಿ ನಿಲ್ಲಿಸಿದರೆ ಜುಲೈನಲ್ಲಿ ಘಟ್ಟಕ್ಕೆ 30 ಮಿ.ಮೀ. ಮಳೆ ಎಂದು ಬರುತ್ತದೆ. 31ರಿಂದಲೂ ಗುಣಿಸಬೇಕು. ಹವಾಗುಣ ಮಾದರಿಗಳ ಫೈಲ್‌ಗಳಲ್ಲಿ ಮಳೆ ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಕಿಲೋ ಎಂದಿರುತ್ತದೆ, ಅದನ್ನು 86,400ರಿಂದ ಗುಣಿಸಿದರೆ ದಿನದ ಮಿ.ಮೀ. ಕೆಲವು ಮಾದರಿಗಳ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ 30 ದಿನ, ವರ್ಷಕ್ಕೆ 360. ಅಲ್ಲಿ ಫೆಬ್ರವರಿ 30 ಇರುತ್ತದೆ, ಜುಲೈ 31 ಇರುವುದಿಲ್ಲ. ಮತ್ತೆ, ಇಆರ್‌ಎ5ನ ಅಕ್ಷಾಂಶ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. 11ರಿಂದ 19 ಎಂದು ಕೇಳಿದರೆ ಖಾಲಿ ಉತ್ತರ, 19ರಿಂದ 11 ಎಂದು ಕೇಳಬೇಕು. ಇವೆಲ್ಲ ಸಣ್ಣ ವಿಷಯ ಎನ್ನಿಸಬಹುದು. ಪ್ರಾಜೆಕ್ಟ್‌ನ ಮೂರನೇ ಒಂದು ಭಾಗ ಸಮಯ ಇವುಗಳಲ್ಲೇ ಹೋಗುತ್ತದೆ.

ಚೌಕದ ಅಳತೆಯನ್ನು ಮರೆಯಬೇಡಿ. 0.25 ಡಿಗ್ರಿ ಎಂದರೆ ನಿಮ್ಮ ಕಡೆ ಸುಮಾರು 27 ಕಿ.ಮೀ. ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ಪೂರ್ವಕ್ಕೆ ಕಿತ್ತೂರಿನ ಕಡೆ ಬರುವಷ್ಟರಲ್ಲಿ ಮಳೆ ಹಲವು ಪಟ್ಟು ಇಳಿದಿರುತ್ತದೆ, ಅಷ್ಟೂ ಎರಡು ಮೂರು ಚೌಕದೊಳಗೆ. ಜಾಗತಿಕ ಮಾದರಿಗಳ ಚೌಕ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು, ಅದರಲ್ಲಿ ಉಡುಪಿಯಿಂದ ಶಿವಮೊಗ್ಗದವರೆಗೆ ಒಂದೋ ಎರಡೋ ಚೌಕ. ಘಟ್ಟ ಎಂಬುದು ಅಲ್ಲಿ ಒಂದು ದಿಬ್ಬವಾಗಿ ಸವೆದಿರುತ್ತದೆ. ಅಂಥ ಮಾದರಿಯ ಮಳೆಯನ್ನು ತಿದ್ದದೆ ನೇರವಾಗಿ ಚರಂಡಿ ವಿನ್ಯಾಸಕ್ಕೆ ಹಾಕುವವರಿದ್ದಾರೆ. ಮಾದರಿಯ ಹಿಂದಿನ ಮೂವತ್ತು ವರ್ಷದ ಮಳೆಯನ್ನು ಅಳತೆಯ ಮಳೆಯೊಂದಿಗೆ ಹೋಲಿಸಿ, ಪಕ್ಷಪಾತ (ಮಾದರಿ ಸದಾ ಹೆಚ್ಚು ಅಥವಾ ಕಡಿಮೆ ತೋರಿಸುವ ದೋಷ) ಸರಿಪಡಿಸಿ, ಒಂದೇ ಮಾದರಿ ನೆಚ್ಚಿಕೊಳ್ಳದೆ ಹತ್ತಾರು ಮಾದರಿಗಳ ಹರವನ್ನು ತೋರಿಸಬೇಕು. ಎಸ್‌ಎಸ್‌ಪಿ2-4.5, ಎಸ್‌ಎಸ್‌ಪಿ5-8.5 ಎಂಬ ಭವಿಷ್ಯದ ಹೊರಸೂಸುವಿಕೆಯ ಸನ್ನಿವೇಶಗಳ ಹೆಸರಿನ ಕೊನೆಯ ಸಂಖ್ಯೆ 2100ರ ವೇಳೆಗೆ ಚದರ ಮೀಟರಿಗೆ ಎಷ್ಟು ವ್ಯಾಟ್ ಒತ್ತಡ ಎಂಬುದು. ಅದನ್ನು ಡಿಗ್ರಿ ಎಂದು ಓದಿ 8.5 ಡಿಗ್ರಿ ಬಿಸಿಯಾಗುತ್ತದೆ ಎಂದು ಬರೆದ ವರದಿಗಳಿಗೆ ಬರವಿಲ್ಲ.

ಸಿವಿಲ್‌ಗೆ ತಾಗುವ ಪೇಪರ್ ಎಂದರೆ ಜಲವಿಜ್ಞಾನ ಮತ್ತು ಹವಾಗುಣ. ನಿಮ್ಮ ಮೇಜರ್‌ನಲ್ಲೇ ಮಳೆಯ ತೀವ್ರತೆ-ಅವಧಿ-ಆವರ್ತನದ ವಕ್ರರೇಖೆ ಬರುತ್ತದೆ. ಗಂಟೆಯ ದತ್ತಾಂಶ ಇಲ್ಲದ ಕಡೆ 24 ಗಂಟೆಯ ಮಳೆಯಿಂದ ಕಡಿಮೆ ಅವಧಿಯ ಮಳೆ ಅಂದಾಜು ಮಾಡಲು ಹವಾಮಾನ ಇಲಾಖೆಯ ಘನಮೂಲ ಸೂತ್ರ ಬಳಸುತ್ತಾರೆ: ಅವಧಿಯನ್ನು 24ರಿಂದ ಭಾಗಿಸಿ, ಘನಮೂಲ ತೆಗೆದು, ದಿನದ ಮಳೆಯಿಂದ ಗುಣಿಸುವುದು. 24 ಗಂಟೆಗೆ 120 ಮಿ.ಮೀ. ಆದರೆ ಮೂರು ಗಂಟೆಗೆ 60. ಇದು ಅಂದಾಜು ಮಾತ್ರ. ಗುಡುಗು ಮಳೆಯ ಊರಿಗೂ ಘಟ್ಟದ ಜಡಿಮಳೆಗೂ ಒಂದೇ ಸೂತ್ರ ಒಪ್ಪುವುದು ಕಷ್ಟ. ಮೈನರ್ ನಿಮಗೆ ಕಲಿಸಬೇಕಾದ್ದು ಇದರ ಹಿಂದಿನ ಊಹೆಯನ್ನು ಪ್ರಶ್ನಿಸಲು: ನೂರು ವರ್ಷಕ್ಕೊಮ್ಮೆ ಬರುವ ಮಳೆ ಎಂದು ಲೆಕ್ಕ ಹಾಕುವಾಗ ಹಿಂದಿನ ಐವತ್ತು ವರ್ಷದಂತೆಯೇ ಮುಂದಿನ ಐವತ್ತೂ ಇರುತ್ತದೆ ಎಂದು ನಂಬಿರುತ್ತೇವೆ. ಹಾಗೆ ನಂಬಿದರೂ ಕೂಡ, ಮೂವತ್ತು ವರ್ಷ ಬಾಳುವ ಸೇತುವೆಗೆ ಅಂಥ ಮಳೆ ಒಮ್ಮೆಯಾದರೂ ಬಡಿಯುವ ಸಾಧ್ಯತೆ ಶೇ 26.

ಅರ್ಥಶಾಸ್ತ್ರ-ನೀತಿಯ ಪೇಪರ್‌ನಲ್ಲಿ ಸಮ್ಮೇಳನಗಳ ಹೆಸರು, ವರ್ಷ ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮರುದಿನವೇ ಮರೆಯುತ್ತೀರಿ. ಉಳಿಯಬೇಕಾದ್ದು ಎರಡು. ಐವತ್ತು ವರ್ಷದ ನಂತರದ 1,000 ಕೋಟಿ ರೂಪಾಯಿ ನಷ್ಟ, ಶೇ 5ರ ರಿಯಾಯಿತಿ ದರದಲ್ಲಿ (ಮುಂದಿನ ಹಣದ ಇಂದಿನ ಬೆಲೆ ತೆಗೆಯಲು ವರ್ಷಕ್ಕೆ ಇಳಿಸುವ ದರ) ಇಂದಿಗೆ 87 ಕೋಟಿ. ಶೇ 2ರ ದರದಲ್ಲಿ 372 ಕೋಟಿ. ವಿಜ್ಞಾನ ಒಂದೇ, ನಷ್ಟ ಒಂದೇ, ದರ ಆರಿಸಿದವರ ಕೈಯಲ್ಲಿ ನಿರ್ಧಾರ. ಇನ್ನೊಂದು ಹೊರಸೂಸುವಿಕೆಯ ಲೆಕ್ಕಪತ್ರ. ನಮ್ಮ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿಗೆ ಸ್ಥೂಲವಾಗಿ 0.7 ಕಿಲೋ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 10,000 ಯೂನಿಟ್ ಉರಿಸುವ ಹಾಸ್ಟೆಲ್ಲಿಗೆ 7 ಟನ್. ನಿಮ್ಮ ಹಾಸ್ಟೆಲ್‌ನ ಹನ್ನೆರಡು ತಿಂಗಳ ಬಿಲ್, ಜನರೇಟರ್ ಡೀಸೆಲ್, ಅಡುಗೆ ಅನಿಲ ಕೂಡಿಸಿ ಲೆಕ್ಕ ಮಾಡಿದರೆ ಈ ಪೇಪರ್‌ನ ಅರ್ಧ ಕಲಿತಂತೆ. ಮೀಥೇನ್ ಬಂದಾಗ ನೂರು ವರ್ಷದ ಲೆಕ್ಕವೋ ಇಪ್ಪತ್ತು ವರ್ಷದ್ದೋ ಎಂದು ಬರೆಯಲು ಮರೆಯಬೇಡಿ. ಮೊದಲನೆಯದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ನ 27ರಿಂದ 30 ಪಟ್ಟು, ಎರಡನೆಯದರಲ್ಲಿ 80ಕ್ಕಿಂತ ಹೆಚ್ಚು.

ಪ್ರಾಜೆಕ್ಟ್‌ಗೆ ‘ಕರ್ನಾಟಕದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ’ ಎಂಬಂಥ ಶೀರ್ಷಿಕೆ ಬೇಡ. ಅದು ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವುದಲ್ಲ. ಪ್ರಶ್ನೆ ಒಂದು ವಾಕ್ಯದಲ್ಲಿ ಹಿಡಿಸಬೇಕು: 1971ರಿಂದ 2020ರವರೆಗೆ ಖಾನಾಪುರ ಭಾಗದಲ್ಲಿ ಭಾರಿ ಮಳೆಯ ದಿನಗಳು ಹೆಚ್ಚಾಗಿವೆಯೇ? ಇಲಾಖೆಯ ವರ್ಗೀಕರಣದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಳೆ ದಿನ, 64.5ರಿಂದ ಭಾರಿ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಇವನ್ನೇ ಬಳಸಿ, ನೀವೇ 50, 100 ಎಂದು ಗೆರೆ ಹಾಕಿಕೊಂಡರೆ ಬೇರೆಯವರ ಫಲಿತಾಂಶದೊಂದಿಗೆ ಹೋಲಿಸಲು ಬರುವುದಿಲ್ಲ. ಮೊದಲ ಎರಡು ವಾರ ಪ್ರಶ್ನೆ ಮತ್ತು ಓದಿಗೆ, ಮುಂದಿನ ಐದು ವಾರ ದತ್ತಾಂಶ ಇಳಿಸಿ ಶುಚಿಮಾಡಲು, ನಾಲ್ಕು ವಾರ ವಿಶ್ಲೇಷಣೆಗೆ, ಮೂರು ವಾರ ಬರವಣಿಗೆಗೆ ಇಡಿ. ಶುಚಿಮಾಡುವ ಕೆಲಸವನ್ನು ಒಂದು ವಾರಕ್ಕೆ ಮುಗಿಸುತ್ತೇನೆ ಎಂದವರು ಕೊನೆಗೆ ರಾತ್ರಿಯೆಲ್ಲ ಕೂರುತ್ತಾರೆ.

ಏರಿಕೆ-ಇಳಿಕೆ ನೋಡಲು ಮಾನ್-ಕೆಂಡಾಲ್ ಪರೀಕ್ಷೆ, ಇಳಿಜಾರಿಗೆ ಸೆನ್ ವಿಧಾನ ಎಲ್ಲರೂ ಬಳಸುತ್ತಾರೆ, ತಪ್ಪಿಲ್ಲ. ಆದರೆ ವರ್ಷಕ್ಕೆ ಮೂರು ನಾಲ್ಕು ದಿನ ಎಂಬಂಥ ಎಣಿಕೆಯ ದತ್ತಾಂಶಕ್ಕೆ ಪಾಯ್ಸಾನ್ ರಿಗ್ರೆಷನ್ ಇನ್ನೂ ಸೂಕ್ತ, ಎರಡನ್ನೂ ಮಾಡಿ ತೋರಿಸಿ. 20 ತಾಲ್ಲೂಕು ತೆಗೆದುಕೊಂಡು ಶೇ 5ರ ಮಟ್ಟದಲ್ಲಿ ಪರೀಕ್ಷಿಸಿದರೆ ಏನೂ ಬದಲಾಗದಿದ್ದರೂ ಒಂದು ತಾಲ್ಲೂಕು ‘ಗಮನಾರ್ಹ’ ಎಂದು ಬರುವುದು ಸಹಜ; ಆ ಒಂದನ್ನೇ ಎತ್ತಿ ಶೀರ್ಷಿಕೆ ಮಾಡಬೇಡಿ. ಶುರುವಿನ ವರ್ಷ 1972ರಂಥ ಬರದ ವರ್ಷವಾದರೆ ಏರಿಕೆ ತಾನಾಗಿಯೇ ಕಾಣುತ್ತದೆ. ಹಾಗಾಗಿ ಮೊದಲ ಕೆಲವು ವರ್ಷ ಬಿಟ್ಟು ಮತ್ತೆ ಲೆಕ್ಕ ಹಾಕಿ, ಉತ್ತರ ನಿಲ್ಲುತ್ತದೆಯೇ ನೋಡಿ. ದೊಡ್ಡ ಅಪಾಯ ಇನ್ನೊಂದಿದೆ: ಚೌಕದ ದತ್ತಾಂಶದ ಹಿಂದೆ ಎಷ್ಟು ಮಳೆಮಾಪಕಗಳಿದ್ದವು ಎಂಬುದು ದಶಕದಿಂದ ದಶಕಕ್ಕೆ ಬದಲಾಗಿದೆ. ಹತ್ತಿರ ಮಾಪಕ ಇಲ್ಲದ ವರ್ಷಗಳಲ್ಲಿ ಮಳೆ ನಯಗೊಂಡು ಭಾರಿ ದಿನಗಳು ಮಾಯವಾಗುತ್ತವೆ. ಇದಕ್ಕೆ ಮದ್ದು, ಒಂದಾದರೂ ಹಳೆಯ ಕೇಂದ್ರದ ದಾಖಲೆಯೊಂದಿಗೆ ತಾಳೆ ನೋಡುವುದು. ಈಚಿನ ವರ್ಷಗಳಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ದಾಖಲಾಗುತ್ತವೆ. ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ, ಯಾವ ಪಂಚಾಯಿತಿ, ಯಾವ ಅವಧಿ ಎಂದು ನಿಖರವಾಗಿ ಬರೆದು ಕೋರಿಕೆ ಸಲ್ಲಿಸಿ. ‘ಬೆಳಗಾವಿ ಜಿಲ್ಲೆಯ ಎಲ್ಲ ಮಳೆ ದತ್ತಾಂಶ’ ಎಂದು ಕೇಳಿದ ಅರ್ಜಿಗಳು ಮೇಜಿನ ಮೇಲೇ ಕೂರುತ್ತವೆ. ‘ಯಾವ ಬದಲಾವಣೆಯೂ ಖಚಿತವಾಗಿ ಕಾಣಲಿಲ್ಲ’ ಎಂಬುದೂ ಪೂರ್ಣ ಅಂಕಕ್ಕೆ ಅರ್ಹವಾದ ಫಲಿತಾಂಶ, ಮಾರ್ಗದರ್ಶಕರು ಮುಖ ಸಿಂಡರಿಸಿದರೂ ಬದಲಿಸಬೇಡಿ.

ನಿಮ್ಮ ತಂಗಿಯ ವಿಷಯ ಬೇರೆ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್‌ನೊಳಗೆ ಕನಿಷ್ಠ 24 ಮೈನರ್‌ಗೆ ಮೀಸಲು. ಕರ್ನಾಟಕದಲ್ಲಿ 2024-25ರಿಂದ ರಾಜ್ಯ ಶಿಕ್ಷಣ ನೀತಿಯಂತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಅವರ ಬ್ಯಾಚಿಗೆ ಯಾವ ನಿಯಮ ಎಂಬುದನ್ನು ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೇ ನೋಡಬೇಕು. ಪಿಯುಸಿಯಲ್ಲಿ ವಿಜ್ಞಾನ ಇಲ್ಲದಿರುವುದು ಅಡ್ಡಿಯಲ್ಲ. ಮೇಲೆ ಹೇಳಿದ ಶಕ್ತಿ ಸಮತೋಲನದ ಲೆಕ್ಕ ಎಸ್ಸೆಸ್ಸೆಲ್ಸಿ ಬೀಜಗಣಿತ ಬಂದವರಿಗೆ ಕ್ಯಾಲ್ಕುಲೇಟರ್ ಹಿಡಿದರೆ ಸಾಕು. ವಾತಾವರಣ ಚಲನೆಯ ಪೇಪರ್ ಅವರು ಬಿಡಲಿ, ಬದಲಿಗೆ ಅರ್ಥಮಿತಿಯಲ್ಲಿ (ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ) ಕಲಿಯುವ ರಿಗ್ರೆಷನ್ ಅನ್ನು ಬೆಳೆ ಇಳುವರಿ ಮತ್ತು ಮಳೆಗೆ ಹಾಕಲಿ. ಆ ಕೆಲಸದಲ್ಲಿ ಅವರು ನಿಮಗಿಂತ ಮುಂದೆ ಇರುತ್ತಾರೆ.

ಅವರ ಕಾಲೇಜಿನಲ್ಲಿ ಪೇಪರ್ ಇಲ್ಲದಿದ್ದರೆ ಆನ್‌ಲೈನ್ ಕೋರ್ಸ್‌ಗಳ ಸರ್ಕಾರಿ ವೇದಿಕೆಗಳಾದ ‘ಸ್ವಯಂ’ ಮತ್ತು ಎನ್‌ಪಿಟಿಇಎಲ್ ದಾರಿ ಇದೆ. ಎನ್‌ಪಿಟಿಇಎಲ್‌ನ 12 ವಾರದ ಕೋರ್ಸ್‌ನಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರ ಬೇಕಾದರೆ 25ಕ್ಕೆ 10, 75ಕ್ಕೆ 30 ಬರಲೇಬೇಕು. ಕೋರ್ಸ್‌ಗೆ ಸೇರುವುದು ಉಚಿತ, ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಮತ್ತು ಪ್ರತ್ಯೇಕ ನೋಂದಣಿ. ಆ ಎರಡನೇ ನೋಂದಣಿ ಮರೆತು ಹನ್ನೆರಡು ವಾರ ಓದಿದವರು ಪ್ರತಿ ಸೆಮಿಸ್ಟರ್‌ನಲ್ಲೂ ಸಿಗುತ್ತಾರೆ.

ಕೆಲಸದ ಮಾತು. ಮೈನರ್ ಒಂದನ್ನೇ ತೋರಿಸಿ ಹವಾಮಾನ ವಿಜ್ಞಾನಿಯ ಹುದ್ದೆ ಸಿಗುವುದಿಲ್ಲ, ಅದಕ್ಕೆ ಸ್ನಾತಕೋತ್ತರ ಪದವಿ ಬೇಕು. ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಗೇಟ್‌ನ ಎಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ ವಿಭಾಗವೇ ಇದೆ, ಪರಿಸರ ವಿಜ್ಞಾನಕ್ಕೆ ಬೇರೆ ಪತ್ರಿಕೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹವಾಗುಣ ವಿಜ್ಞಾನಕ್ಕೆ ಸಂಬಂಧಿಸಿದ ಎಂ.ಟೆಕ್., ದೆಹಲಿ, ಮುಂಬೈ, ಖರಗ್‌ಪುರ ಐಐಟಿಗಳಲ್ಲಿ ಈ ವಿಷಯದ ಕೇಂದ್ರಗಳು, ಪುಣೆ ಮತ್ತು ಕೊಚ್ಚಿ ವಿಶ್ವವಿದ್ಯಾಲಯಗಳಲ್ಲಿ ವಾತಾವರಣ ವಿಜ್ಞಾನ ವಿಭಾಗಗಳಿವೆ. ಬಿ.ಇ. ಮುಗಿಸಿ ನೇರ ಕೆಲಸವೇ ಬೇಕೆಂದರೆ ಮಳೆನೀರು ಚರಂಡಿ ಮತ್ತು ಪ್ರವಾಹ ವಿನ್ಯಾಸದ ಸಲಹಾ ಕಂಪನಿಗಳು, ವಿಮೆಯ ಅಪಾಯ ಅಂದಾಜು, ಸೌರ-ಪವನ ಇಂಧನದ ಮುನ್ಸೂಚನೆ ಇವು ನಿಮ್ಮ ಜೋಡಿ ಪದವಿಗೆ ಹೊಂದುತ್ತವೆ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಪರಿಸರ-ಸಾಮಾಜಿಕ ಹೊಣೆಗಾರಿಕೆಯ ವರದಿ ಕಡ್ಡಾಯ ಮಾಡಿದೆ. ಅದನ್ನು ತಯಾರಿಸುವ ತಂಡಗಳಲ್ಲಿ ನಿಮ್ಮ ತಂಗಿಯಂಥವರಿಗೂ ಜಾಗವಿದೆ. ಎಲ್ಲೇ ಹೋದರೂ ಸಂದರ್ಶನದಲ್ಲಿ ಮೈನರ್‌ನ ಹೆಸರಿಗಿಂತ ಆ ಮಳೆ ದಿನಗಳ ಪ್ರಾಜೆಕ್ಟ್, ಅದರ ಕೋಡ್, ಅದರಲ್ಲಿ ಯಾವ ಅನಿಶ್ಚಿತತೆ ಉಳಿದಿದೆ ಎಂಬ ನಿಮ್ಮ ಉತ್ತರ ಕೆಲಸ ಮಾಡುತ್ತದೆ.

ಫಾರ್ಮ್ ತುಂಬುವ ಮುನ್ನ ಪರೀಕ್ಷಾ ವಿಭಾಗದಿಂದ ಮೂರು ವಿಷಯ ಲಿಖಿತವಾಗಿ ತಿಳಿದುಕೊಳ್ಳಿ. ಮೈನರ್ ಅಂಕಗಳು ಸಿಜಿಪಿಎಗೆ ಸೇರುತ್ತವೆಯೇ? ನಡುವೆ ಬಿಟ್ಟರೆ ಗಳಿಸಿದ ಕ್ರೆಡಿಟ್ ಅಂಕಪಟ್ಟಿಯಲ್ಲಿ ಉಳಿಯುತ್ತದೆಯೇ? ಆನ್‌ಲೈನ್ ಕೋರ್ಸ್‌ನ ಕ್ರೆಡಿಟ್ ಒಪ್ಪುವುದಾದರೆ ಯಾವ ಕೋರ್ಸ್, ಎಷ್ಟು ವಾರದ್ದು? ಈ ಕೊನೆಯದಕ್ಕೆ ಅನುಮತಿಯನ್ನು ಕೋರ್ಸ್ ಸೇರುವ ಮೊದಲೇ ಪಡೆಯಬೇಕು. ಮುಗಿಸಿಕೊಂಡು ಪ್ರಮಾಣಪತ್ರ ಹಿಡಿದು ಹೋದಾಗ ‘ಇದು ನಮ್ಮ ಪಟ್ಟಿಯಲ್ಲಿಲ್ಲ’ ಎಂದರೆ ಮಾಡುವಂಥದ್ದೇನೂ ಇರುವುದಿಲ್ಲ.